ವಿಮಾನದಲ್ಲಿ ಬಾಯಿಗೆ ಹಿಡಿಸುವ ಊಟ ಬೇಕಾ? ಮನೆಯಿಂದ ಹೊರಡುವ ಮೊದಲೇ ಮಾಡಬೇಕಾದ ಕೆಲಸಗಳು

"ವಿಮಾನದ ಊಟ ಬಾಯಿಗೆ ಹಾಕಲಿಕ್ಕೆ ಆಗುವುದಿಲ್ಲ, ಏನು ಮಾಡುವುದು?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ದುಬೈ, ದೋಹಾಕ್ಕೆ ಕೆಲಸಕ್ಕೆ ಹೋಗುವವರು ಕೇಳುತ್ತಾರೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಉಡುಪಿ, ಮಂಗಳೂರಿನ ಅಮ್ಮಂದಿರು ಇನ್ನೂ ಜಾಸ್ತಿ ಕೇಳುತ್ತಾರೆ. ಬೆಳ್ಳುಳ್ಳಿ ಹಾಕಿರುತ್ತಾರಾ, ಮೊಟ್ಟೆ ಇರುತ್ತದಾ, ಸಕ್ಕರೆ ಕಾಯಿಲೆಯವರಿಗೆ ಏನು ಸಿಗುತ್ತದೆ, ಕೊಟ್ಟೆ ಕಡುಬು ಕಟ್ಟಿಕೊಂಡು ಹೋಗಬಹುದಾ. ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಿಮಾನ ಹತ್ತಿದ ಮೇಲೆ ಊಟದ ವಿಷಯದಲ್ಲಿ ಮಾಡಲಿಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಒಳಗಿನ ಸಿಬ್ಬಂದಿ ಅಡುಗೆ ಮಾಡುವುದಿಲ್ಲ, ಕೆಳಗೆ ತುಂಬಿಸಿ ಕಳಿಸಿದ್ದನ್ನು ಬಿಸಿ ಮಾಡಿ ಕೊಡುತ್ತಾರೆ ಅಷ್ಟೇ. ಕೇಳಬೇಕಾದ್ದನ್ನೆಲ್ಲ ಕನಿಷ್ಠ ಒಂದು ದಿನ ಮೊದಲೇ ಕೇಳಿರಬೇಕು.

ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು ಎರಡೇ: ಟಿಕೆಟ್ಟಿನ ಪಿಎನ್‌ಆರ್, ಅಂದರೆ ನಿಮ್ಮ ಬುಕಿಂಗಿನ ಆರು ಅಕ್ಷರಗಳ ಗುರುತು, ಮತ್ತು ಬುಕಿಂಗಿಗೆ ಕೊಟ್ಟ ಮೊಬೈಲ್ ನಂಬರ್ ಅಥವಾ ಇಮೇಲ್. ಏಜೆಂಟರ ಮೂಲಕ ಟಿಕೆಟ್ ಮಾಡಿಸಿದ್ದರೆ ಅವರು ಕೆಲವೊಮ್ಮೆ ತಮ್ಮದೇ ನಂಬರ್ ಹಾಕಿರುತ್ತಾರೆ. ನಿಮ್ಮ ನಂಬರ್ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ವಿಮಾನದ ಹೊತ್ತು ಬದಲಾದ ಸುದ್ದಿಯೂ ನಿಮಗೆ ಬರುವುದಿಲ್ಲ.

1. ಟಿಕೆಟ್ಟಿನಲ್ಲಿ ಊಟ ಇದೆಯಾ ನೋಡಿ

ಬಜ್ಪೆಯಿಂದ, ಅಂದರೆ ಮಂಗಳೂರು ವಿಮಾನ ನಿಲ್ದಾಣದಿಂದ, ಹಾರುವ ವಿಮಾನಗಳಲ್ಲಿ ಹೆಚ್ಚಿನವು ಇಂಡಿಗೋ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನವು. ಎರಡೂ ಕಡಿಮೆ ದರದ ಸಂಸ್ಥೆಗಳು. ಇಂಥಲ್ಲಿ ಸಾಮಾನ್ಯ ದರದ ಟಿಕೆಟ್ಟಿಗೆ ಊಟ ಸೇರಿರುವುದಿಲ್ಲ, ಬೇರೆ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕು. ಅದೇ ಸಂಸ್ಥೆಯ ದುಬಾರಿ ದರದ ಟಿಕೆಟ್ಟಿನಲ್ಲಿ ಊಟ ಸೇರಿರಬಹುದು. ಟಿಕೆಟ್ಟಿನ ಮೇಲೆ "ಮೀಲ್" ಎಂಬ ಸಾಲು ಹುಡುಕಿ.

ದುಡ್ಡು ಕೊಟ್ಟು ತಿನ್ನುವುದಾದರೆ ಮೊದಲೇ ವೆಬ್‌ಸೈಟಿನಲ್ಲಿ ಬುಕ್ ಮಾಡಿ. ವಿಮಾನದೊಳಗೆ ಕೊಳ್ಳುವುದಕ್ಕಿಂತ ಆಯ್ಕೆ ಜಾಸ್ತಿ ಇರುತ್ತದೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಒಳಗೆ ಮಾರುವ ತಿಂಡಿ ಮುಂದಿನ ಸಾಲುಗಳಲ್ಲೇ ಖಾಲಿಯಾಗಿ, ಹಿಂದಿನವರಿಗೆ ಬಿಸ್ಕೆಟ್ ಪೊಟ್ಟಣ ಉಳಿಯುವುದೂ ಉಂಟು.

ಬೆಂಗಳೂರು, ಮುಂಬೈಗೆ ಹೋಗುವವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಎಂಬುದು ನನ್ನ ಅಭಿಪ್ರಾಯ. ಬೆಲ್ಟ್ ಕಟ್ಟಿ ಬಿಚ್ಚುವಷ್ಟರಲ್ಲಿ ಊರು ಬಂದಿರುತ್ತದೆ. ಮನೆಯಲ್ಲೇ ಹೊಟ್ಟೆ ತುಂಬಾ ಉಂಡು ಹೊರಡಿ. ಉಡುಪಿ ಕಡೆಯಿಂದ ಮೂಲ್ಕಿ, ಕಿನ್ನಿಗೋಳಿ ದಾರಿಯಲ್ಲಿ ಬರುವವರಿಗೆ ಕಟೀಲು ಸಿಗುತ್ತದೆ. ಹೊತ್ತು ಕೂಡಿಬಂದರೆ ದೇವಸ್ಥಾನದ ಅನ್ನಪ್ರಸಾದವೇ ಆಯ್ತಲ್ವಾ.

ಮುಂದಿನ ಮಾತುಗಳೆಲ್ಲ ಗಲ್ಫ್‌ಗೆ, ಅದಕ್ಕಿಂತಲೂ ದೂರಕ್ಕೆ ಹೋಗುವವರಿಗೆ.

2. ಸರಿಯಾದ ಕೋಡ್ ಆರಿಸಿ

ಊಟ ಸೇರಿರುವ ದೊಡ್ಡ ಸಂಸ್ಥೆಗಳಲ್ಲಿ "ಸ್ಪೆಷಲ್ ಮೀಲ್" ಎಂಬ ವ್ಯವಸ್ಥೆ ಇದೆ. ಅಂದರೆ ನಿಮ್ಮ ಆಹಾರ ಪದ್ಧತಿಗೆ ತಕ್ಕ ಊಟವನ್ನು ಮೊದಲೇ ಹೇಳಿಡುವುದು. ಇದಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡಿಲ್ಲ. ಒಂದೊಂದು ಊಟಕ್ಕೂ ನಾಲ್ಕು ಅಕ್ಷರದ ಕೋಡ್ ಇರುತ್ತದೆ. ಪ್ರಪಂಚದ ಹೆಚ್ಚಿನ ಸಂಸ್ಥೆಗಳು ಇದೇ ಕೋಡ್‌ಗಳನ್ನು ಬಳಸುತ್ತವೆ. ನಮ್ಮ ಕಡೆಯವರಿಗೆ ಬೇಕಾಗುವವು ಇಷ್ಟು:

ಎವಿಎಂಎಲ್: ಭಾರತದ ಶೈಲಿಯ ಸಸ್ಯಾಹಾರ. ಮೊಟ್ಟೆ, ಮೀನು, ಮಾಂಸ ಇಲ್ಲ. ಹಾಲು, ಮೊಸರು, ಪನೀರ್ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತದೆ. ಹೆಚ್ಚಿನವರಿಗೆ ಇದೇ ಸಾಕು.

ವಿಜೆಎಂಎಲ್: ಜೈನ ಊಟ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯಂಥ ನೆಲದೊಳಗೆ ಬೆಳೆಯುವ ಯಾವುದೂ ಇಲ್ಲ. ಮೂಡುಬಿದಿರೆ, ಕಾರ್ಕಳದ ಜೈನರಿಗೆ ಇದು ಗೊತ್ತಿರುವುದೇ. ಆದರೆ ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ಮಾಧ್ವರ ಮನೆಯವರಿಗೂ ಇದೇ ಸರಿಹೊಂದುತ್ತದೆ. ಇದು ಗೊತ್ತಿಲ್ಲದೆ ಎವಿಎಂಎಲ್ ಹಾಕಿಸಿ, ತಟ್ಟೆ ಬಂದ ಮೇಲೆ ಬರೀ ಮೊಸರು ಉಂಡು ಕೂರುವವರು ಬಹಳ ಜನ.

ವಿಜಿಎಂಎಲ್: ಹೆಚ್ಚಿನ ಕಡೆ ಇದು ಹಾಲು, ಮೊಸರು, ತುಪ್ಪ ಏನೂ ಇಲ್ಲದ ಸಸ್ಯಾಹಾರ. "ವೆಜ್" ಎಂಬ ಸದ್ದು ಕೇಳಿ ಇದನ್ನು ಒತ್ತಬೇಡಿ. ಬೇಯಿಸಿದ ತರಕಾರಿ, ಸಪ್ಪೆ ಅನ್ನ ಬರುವ ಸಾಧ್ಯತೆ ಜಾಸ್ತಿ. ವಿಎಲ್‌ಎಂಎಲ್ ಎಂದರೆ ಪಾಶ್ಚಾತ್ಯ ಶೈಲಿಯ ಸಸ್ಯಾಹಾರ, ಅದರಲ್ಲಿ ಮೊಟ್ಟೆ ಇರಬಹುದು.

ಎಚ್‌ಎನ್‌ಎಂಎಲ್: ಇದು ಹಿಂದೂ ಊಟ. ಅತಿ ಹೆಚ್ಚು ಜನ ಮೋಸ ಹೋಗುವುದು ಇಲ್ಲಿಯೇ. ಹೆಸರು ನೋಡಿ ಸಸ್ಯಾಹಾರ ಅಂದುಕೊಳ್ಳಬೇಡಿ. ಇದು ಮಾಂಸಾಹಾರ. ದನದ ಮಾಂಸ, ಹಂದಿ ಮಾಂಸ ಇರುವುದಿಲ್ಲ, ಆದರೆ ಕೋಳಿ, ಕುರಿ, ಮೀನು, ಮೊಟ್ಟೆ ಇರುತ್ತದೆ. 2018ರಲ್ಲಿ ಎಮಿರೇಟ್ಸ್ ಸಂಸ್ಥೆ ಈ ಊಟವನ್ನು ನಿಲ್ಲಿಸುವುದಾಗಿ ಹೇಳಿತ್ತು. ಪ್ರಯಾಣಿಕರು ಬೇಸರ ತೋಡಿಕೊಂಡ ಮೇಲೆ ಮುಂದುವರಿಸಿತು. ದನದ ಮಾಂಸ ಬೇಡ, ಕೋಳಿ ಆಗಬಹುದು ಎನ್ನುವವರಿಗೆ ಇದು ನಿಜಕ್ಕೂ ಉಪಯೋಗದ್ದು.

ಎಂಒಎಂಎಲ್: ಮುಸ್ಲಿಂ ಊಟ, ಹಲಾಲ್ ಪದ್ಧತಿಯದು. ಗಲ್ಫಿನ ಸಂಸ್ಥೆಗಳಲ್ಲಿ ಸಾಮಾನ್ಯ ಊಟವೇ ಹಲಾಲ್ ಆಗಿರುವುದರಿಂದ ಅಲ್ಲಿ ಬೇರೆ ಹೇಳಬೇಕಾಗಿಲ್ಲ. ಯುರೋಪಿನ ಸಂಸ್ಥೆಗಳಲ್ಲಿ ಹೇಳಬೇಕು.

ಡಿಬಿಎಂಎಲ್: ಸಕ್ಕರೆ ಕಾಯಿಲೆಯವರ ಊಟ. ಇಲ್ಲಿ ಒಂದು ತೊಡಕಿದೆ. ಇದರಲ್ಲಿ ಕೋಳಿ, ಮೀನು ಇರಬಹುದು. ಒಬ್ಬರಿಗೆ ಒಂದೇ ಕೋಡ್, ಹಾಗಾಗಿ "ಸಸ್ಯಾಹಾರವೂ ಬೇಕು, ಸಕ್ಕರೆಯೂ ಇರಬಾರದು" ಅಂದರೆ ಎರಡನ್ನೂ ಹಾಕಲು ಆಗುವುದಿಲ್ಲ. ಸಸ್ಯಾಹಾರಿಗಳು ಎವಿಎಂಎಲ್ ಹಾಕಿಸಿ, ಸಿಹಿಯನ್ನು ಬದಿಗಿಡುವುದೇ ಸುಲಭ. ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಗಾಡಿ ಸಾಲಿನ ತುದಿಯಲ್ಲಿ ಕಂಡಿತು ಅಂತ ಚುಚ್ಚಿಕೊಳ್ಳಬೇಡಿ. ತಟ್ಟೆ ಎದುರಿಗೆ ಬಂದ ಮೇಲೆಯೇ ತೆಗೆದುಕೊಳ್ಳಿ. ವಿಮಾನ ಅಲುಗಾಡಿದರೆ ಊಟ ಕೊಡುವುದನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಹೊತ್ತಿನ ಲೆಕ್ಕವನ್ನು ಹೊರಡುವ ಮೊದಲೇ ವೈದ್ಯರ ಹತ್ತಿರ ಮಾತಾಡಿಕೊಳ್ಳಿ.

ಎಫ್‌ಪಿಎಂಎಲ್: ಬರೀ ಹಣ್ಣಿನ ತಟ್ಟೆ. ಏಕಾದಶಿಯ ದಿನ ಪ್ರಯಾಣ ಬಿದ್ದರೆ ಇದೊಂದೇ ದಾರಿ. ಚಾತುರ್ಮಾಸ್ಯದಲ್ಲಿ ತರಕಾರಿ ಬಿಡುವ ಶಾಕವ್ರತ, ಬೇಳೆಕಾಳು ಬಿಡುವ ದ್ವಿದಳವ್ರತಕ್ಕೆ ತಕ್ಕ ಕೋಡ್ ಇದೆಯಾ ಎಂದೂ ಕೇಳುವವರಿದ್ದಾರೆ. ಅಷ್ಟರ ಮಟ್ಟಿಗೆ ವಿಮಾನದವರು ಇನ್ನೂ ಬೆಳೆದಿಲ್ಲ, ಬುತ್ತಿಯೇ ಗತಿ.

3. 24 ಗಂಟೆ ಮೊದಲು ಹೇಳಿ, ಆಮೇಲೆ ಖಚಿತಪಡಿಸಿಕೊಳ್ಳಿ

ಸಾಮಾನ್ಯವಾಗಿ ವಿಮಾನ ಹೊರಡುವ 24 ಗಂಟೆ ಮೊದಲು ಸ್ಪೆಷಲ್ ಮೀಲ್ ಹೇಳಿರಬೇಕು. ಕೆಲವು ಊಟಗಳಿಗೆ 48 ಗಂಟೆ. ಟಿಕೆಟ್ ಮಾಡಿದ ದಿನವೇ ಹೇಳಿಬಿಡುವುದು ಒಳ್ಳೆಯದು. ಸಂಸ್ಥೆಯ ವೆಬ್‌ಸೈಟಿನಲ್ಲಿ "ಮ್ಯಾನೇಜ್ ಬುಕಿಂಗ್" ಎಂಬಲ್ಲಿ ಪಿಎನ್‌ಆರ್ ಮತ್ತು ಟಿಕೆಟ್ಟಿನಲ್ಲಿರುವ ಕೊನೆಯ ಹೆಸರು ಹಾಕಿದರೆ ಊಟದ ಆಯ್ಕೆ ತೆರೆದುಕೊಳ್ಳುತ್ತದೆ.

ಏಜೆಂಟರು "ಹಾಕಿದ್ದೇನೆ, ನೀವು ಆರಾಮಾಗಿರಿ" ಅಂದರೆ ಸುಮ್ನೆ ನಂಬಿ ಕೂರಬೇಡಿ. ನೀವೇ ತೆರೆದು ನೋಡಿ. ಊಟದ ಮುಂದೆ ಖಚಿತವಾಗಿದೆ ಎಂದು ಕಾಣಬೇಕು. ಕೋರಿಕೆ ಬಂದಿದೆ ಎಂದಷ್ಟೇ ಇದ್ದರೆ ಸಂಸ್ಥೆಗೆ ಫೋನ್ ಮಾಡಿ.

ಊಟದ ಕೋರಿಕೆ ತಪ್ಪಿಹೋಗುವುದು ಮುಖ್ಯವಾಗಿ ಮೂರು ಸಂದರ್ಭಗಳಲ್ಲಿ. ಒಂದು, ಬೇರೆ ಬೇರೆ ಸಂಸ್ಥೆಗಳ ವಿಮಾನ ಸೇರಿಸಿ ಟಿಕೆಟ್ ಮಾಡಿದಾಗ. ಮಂಗಳೂರಿನಿಂದ ಮುಂಬೈಗೆ ಒಬ್ಬರದ್ದು, ಅಲ್ಲಿಂದ ನ್ಯೂಯಾರ್ಕಿಗೆ ಇನ್ನೊಬ್ಬರದ್ದು ಆದರೆ ಒಬ್ಬರಿಗೆ ಹೇಳಿದ್ದು ಮತ್ತೊಬ್ಬರಿಗೆ ತಲುಪದೇ ಇರಬಹುದು. ಪ್ರತಿ ವಿಮಾನಕ್ಕೂ ಬೇರೆ ಬೇರೆಯಾಗಿ ನೋಡಿಕೊಳ್ಳಿ. ಎರಡು, ಪ್ರಯಾಣದ ದಿನಾಂಕವೋ ವಿಮಾನವೋ ಬದಲಾದಾಗ. ಮತ್ತೆ ಹೊಸದಾಗಿ ಹೇಳಬೇಕು. ಮೂರು, ಸೀಟು ಬದಲಿಸಿಕೊಂಡಾಗ. ಸ್ಪೆಷಲ್ ಮೀಲ್ ತಟ್ಟೆಯ ಮೇಲೆ ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ ಸೀಟು ನಂಬರ್ ಇರುತ್ತದೆ. ಮಗುವಿರುವ ಯಾರಿಗೋ ಪಾಪ ಅಂತ ಕಿಟಕಿ ಸೀಟು ಬಿಟ್ಟುಕೊಟ್ಟರೆ ನಿಮ್ಮ ಜೈನ ಊಟ ಅವರ ಮುಂದೆ ಹೋಗಿ ಕೂರುತ್ತದೆ. ಬಿಟ್ಟುಕೊಡಿ, ಆದರೆ ಸಿಬ್ಬಂದಿಗೆ ಒಂದು ಮಾತು ಹೇಳಿ.

ಇನ್ನೊಂದು ಲಾಭ: ಸ್ಪೆಷಲ್ ಮೀಲ್‌ನವರಿಗೆ ಸಾಮಾನ್ಯವಾಗಿ ಉಳಿದವರಿಗಿಂತ ಮೊದಲೇ ತಟ್ಟೆ ಬರುತ್ತದೆ.

4. ಮೇಲೆ ಯಾವುದು ರುಚಿಸುತ್ತದೆ ಎಂದು ತಿಳಿದು ಆರಿಸಿ

ವಿಮಾನದ ಊಟ ಸಪ್ಪೆ ಎನ್ನುವುದರಲ್ಲಿ ಅರ್ಧ ತಪ್ಪು ಅಡುಗೆಯವರದ್ದಲ್ಲ. ವಿಮಾನದ ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟು. ಮುಳ್ಳಯ್ಯನಗಿರಿಯ ತುದಿಯಲ್ಲೋ ಅದಕ್ಕಿಂತ ಮೇಲೋ ಕೂತು ಉಂಡ ಹಾಗೆ. ಗಾಳಿಯ ತೇವಾಂಶ ಶೇ. 20ಕ್ಕಿಂತಲೂ ಕೆಳಗಿಳಿಯುತ್ತದೆ. ಕರಾವಳಿಯ ಬೆವರಿನ ಹವೆಗೆ ಒಗ್ಗಿದ ಮೂಗು ಒಣಗಿ ವಾಸನೆ ಹಿಡಿಯುವುದಿಲ್ಲ. ವಾಸನೆ ಹೋದರೆ ರುಚಿಯೂ ಹೋಯಿತು.

ಜರ್ಮನಿಯ ಲುಫ್ತಾನ್ಸಾ ಸಂಸ್ಥೆಗಾಗಿ ಅಲ್ಲಿನ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆ 2010ರಲ್ಲಿ ಇದನ್ನೇ ಪರೀಕ್ಷಿಸಿತು. ನೆಲದ ಮೇಲೆಯೇ ವಿಮಾನದಂಥ ಒತ್ತಡ ಮತ್ತು ಸದ್ದು ಮಾಡಿ, ಜನರಿಗೆ ತಿನ್ನಿಸಿ ನೋಡಿದರು. ಉಪ್ಪಿನ ರುಚಿ ಶೇ. 20ರಿಂದ 30ರಷ್ಟು, ಸಿಹಿ ಶೇ. 15ರಿಂದ 20ರಷ್ಟು ಕಡಿಮೆ ಅನ್ನಿಸಿತು. ಹುಳಿ, ಖಾರಕ್ಕೆ ಅಷ್ಟು ಪೆಟ್ಟು ಬೀಳಲಿಲ್ಲ. ಎಂಜಿನ್ನಿನ ಸದ್ದು ಸಿಹಿಯನ್ನು ಮಂಕಾಗಿಸುತ್ತದೆ, ಟೊಮೆಟೊದಲ್ಲಿರುವಂಥ ರಸರುಚಿಯನ್ನು ಎತ್ತಿ ತೋರಿಸುತ್ತದೆ ಎಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2015ರಲ್ಲಿ ಕಂಡುಕೊಂಡರು. ನೆಲದ ಮೇಲೆ ಟೊಮೆಟೊ ಜ್ಯೂಸ್ ಮುಟ್ಟದವರು ವಿಮಾನದಲ್ಲಿ ಕೇಳಿ ಕುಡಿಯುವುದು ಇದೇ ಕಾರಣಕ್ಕೆ. ಈ ಲೆಕ್ಕದಲ್ಲಿ ನಮ್ಮ ಟೊಮೆಟೊ ಸಾರಿನಷ್ಟು ವಿಮಾನಕ್ಕೆ ಹೇಳಿ ಮಾಡಿಸಿದ ಅಡುಗೆ ಇನ್ನೊಂದಿಲ್ಲ. ಯಾಕೆ ಯಾರೂ ಕೊಡುವುದಿಲ್ಲವೋ!

ಜೊತೆಗೆ ಅಡುಗೆಯ ಕ್ರಮವೂ ಹಾಗಿದೆ. ವಿಮಾನ ನಿಲ್ದಾಣದ ಆಸುಪಾಸಿನ ದೊಡ್ಡ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಮೊದಲೇ ಬೇಯಿಸುತ್ತಾರೆ. ಕೂಡಲೇ ತಣಿಸಿ 5 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ಮೇಲೆ ಬಿಸಿಗಾಳಿಯ ಓವನ್ನಿನಲ್ಲಿ ಮತ್ತೆ ಕಾಯಿಸುತ್ತಾರೆ. ಎರಡು ಸಲ ಬಿಸಿ ಕಂಡ ಅಡುಗೆಯಲ್ಲಿ ಯಾವುದು ಉಳಿಯುತ್ತದೆ, ಯಾವುದು ಕೆಡುತ್ತದೆ ಎಂದು ಅಡುಗೆ ಮಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆರಿಸಬಹುದಾದ್ದು: ಗ್ರೇವಿ ಇರುವ ಪಲ್ಯ, ದಾಲ್, ಪನೀರ್ ಮಸಾಲೆ, ಬಿರಿಯಾನಿ, ಕೋಳಿ ಕರಿ. ರಸ ಇದ್ದರೆ ಒಣಗುವುದಿಲ್ಲ, ಮಸಾಲೆ ಇದ್ದರೆ ಸಪ್ಪೆಯಾಗುವುದಿಲ್ಲ. ಬಿಡಬಹುದಾದ್ದು: ದೋಸೆ, ಆಮ್ಲೆಟ್, ಕರಿದ ತಿಂಡಿ, ಮೀನು, ಪಾಸ್ತಾ. ಬಂದರಿನ ಮೀನು ತಿಂದು ಬೆಳೆದವರು ವಿಮಾನದಲ್ಲಿ ಮೀನು ಕೇಳುವುದು ನನಗಂತೂ ಅರ್ಥವಾಗದ ಸಂಗತಿ. ಬ್ರೆಡ್ ಬಿಸಿ ಇದ್ದಾಗಲೇ ತಿಂದುಬಿಡಿ, ಆರಿದರೆ ಗಟ್ಟಿಯಾಗುತ್ತದೆ.

ಎತ್ತರದಲ್ಲಿ ಹೊಟ್ಟೆಯೊಳಗಿನ ಗಾಳಿಯೂ ಹಿಗ್ಗುತ್ತದೆ. ಹೊಟ್ಟೆ ಉಬ್ಬರದ ತೊಂದರೆ ಇದ್ದವರು ರಾಜ್ಮಾ, ಕಡಲೆ, ಕೋಸು, ಸೋಡಾ ಬಿಡಿ. ನೀರು ಆಗಾಗ ಕುಡಿಯುತ್ತಿರಿ.

ಸಣ್ಣ ವಿಮಾನಗಳಲ್ಲಿ ಸಿಗುವ ಬಿಸಿನೀರು ಹೊಯ್ದು ತಿನ್ನುವ ಉಪ್ಪಿಟ್ಟು, ಅವಲಕ್ಕಿ ಕಪ್‌ಗಳ ಬಗ್ಗೆಯೂ ಕೇಳುತ್ತೀರಿ. ಹಸಿವಿಗೆ ಅಡ್ಡಿಯಿಲ್ಲ. ಬಿಪಿ ಇರುವವರು ಮಾತ್ರ ಕಪ್ಪಿನ ಮೇಲೆ ಬರೆದ ಸೋಡಿಯಂ, ಅಂದರೆ ಉಪ್ಪಿನ ಅಂಶ, ಓದಿ ತೆಗೆದುಕೊಳ್ಳಿ.

5. ಬುತ್ತಿ ಕಟ್ಟುವುದಾದರೆ

ತಿಂಡಿ ಒಯ್ಯಲು ಅಡ್ಡಿಯಿಲ್ಲ. ಗಟ್ಟಿ ಪದಾರ್ಥ ಕೈಚೀಲದಲ್ಲಿ ಹೋಗುತ್ತದೆ. ತೊಂದರೆ ಇರುವುದು ನೀರಾಗಿರುವುದಕ್ಕೆ. ಹೊರದೇಶದ ವಿಮಾನದಲ್ಲಿ ದ್ರವ, ಪೇಸ್ಟ್, ಜೆಲ್ ಯಾವುದೇ ಆಗಲಿ, ಒಂದೊಂದು ಡಬ್ಬಿ 100 ಮಿಲಿಲೀಟರ್ ಮೀರುವಂತಿಲ್ಲ. ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. ಚಟ್ನಿ, ಸಾಂಬಾರು, ಮೊಸರು, ತುಪ್ಪ, ಜೋನಿಬೆಲ್ಲ ಎಲ್ಲ ಈ ಲೆಕ್ಕಕ್ಕೇ ಬರುತ್ತವೆ. ಕೋರಿ ರೊಟ್ಟಿಯಲ್ಲಿ ರೊಟ್ಟಿ ದಾಟುತ್ತದೆ, ಕೋರಿ ಗಸಿ, ಅಂದರೆ ಕೋಳಿ ಸಾರು, ಇಲ್ಲೇ ಉಳಿಯುತ್ತದೆ.

ನನ್ನ ಆಯ್ಕೆಯಲ್ಲಿ ಮೊದಲನೆಯದು ಕೊಟ್ಟೆ ಕಡುಬು. ಹಲಸಿನ ಎಲೆಯ ಕೊಟ್ಟೆಯೊಳಗೆ ಬೆಂದದ್ದು ಬಟ್ಟಲಿನ ಇಡ್ಲಿಯಷ್ಟು ಬೇಗ ಒಣಗುವುದಿಲ್ಲ. ಎಲೆ ಬಿಡಿಸಿದರೆ ಅದೇ ತಟ್ಟೆ. ಕೈಗೆ ಅಂಟುವುದಿಲ್ಲ, ಪಕ್ಕದವರ ಮೇಲೆ ಚೆಲ್ಲುವುದೂ ಇಲ್ಲ. ಎಲೆ ಸುತ್ತಿ ಬೇಯಿಸುವ ಮೂಡೆಯೂ ಆಗುತ್ತದೆ. ಆದರೆ ಬೆಂದ ಕೂಡಲೇ ಡಬ್ಬಿಗೆ ತುಂಬಬೇಡಿ. ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿಸಿ. ಬಿಸಿ ಇರುವಾಗ ಮುಚ್ಚಿದರೆ ಒಳಗೆ ಬೆವರಿ, ಹುಳಿ ಹಿಡಿಯುತ್ತದೆ. ನೆಂಚಲು ಕಾಯಿ ಚಟ್ನಿ ಬೇಡ, ನಮ್ಮ ಸೆಕೆಗೆ ಕೆಲವೇ ಗಂಟೆಗಳಲ್ಲಿ ಹಳಸುತ್ತದೆ. ಚಟ್ನಿಪುಡಿ ಸಾಕು.

ದೂರದ ಪ್ರಯಾಣಕ್ಕೆ ಬನ್ಸ್ ಒಳ್ಳೆಯದು. ಬಾಳೆಹಣ್ಣು ಹಾಕಿದ್ದರಿಂದ ಮರುದಿನವೂ ಮೆತ್ತಗಿರುತ್ತದೆ. ಚಪಾತಿ, ಒಗ್ಗರಣೆ ಅವಲಕ್ಕಿ, ಬಾಳೆಕಾಯಿ ಚಿಪ್ಸ್ ಸರಿ. ನೀರುದೋಸೆ ಬೇಡ, ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಗೋಳಿಬಜೆ ಆರಿದ ಮೇಲೆ ಎಣ್ಣೆ ಬಿಡುತ್ತದೆ. ಒಣಮೀನು ಚಟ್ನಿಯ ಡಬ್ಬಿಯನ್ನು ವಿಮಾನದೊಳಗೆ ದಯವಿಟ್ಟು ತೆರೆಯಬೇಡಿ. ಆ ಪರಿಮಳ ನಮಗೆ ಪ್ರೀತಿ, ಮುಚ್ಚಿದ ವಿಮಾನದಲ್ಲಿ ಎಲ್ಲರಿಗೂ ಅಲ್ಲ.

ಸಿಕ್ಕಿಹಾಕಿಕೊಳ್ಳುವ ವಸ್ತುಗಳು ಇವು, ಗಮನವಿಟ್ಟು ಓದಿ:

ಒಣ ಕೊಬ್ಬರಿ ಗಿಟುಕು ಕೈಚೀಲಕ್ಕೂ ಬೇಡ, ಕೌಂಟರಿನಲ್ಲಿ ಕೊಡುವ ದೊಡ್ಡ ಚೀಲಕ್ಕೂ ಬೇಡ. ಎಣ್ಣೆಯಂಶ ಇರುವುದರಿಂದ ಅದು ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ.

ಮೆಣಸಿನ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಬೇರೆ ಉಪ್ಪಿನಕಾಯಿಯನ್ನೂ ದೊಡ್ಡ ಚೀಲದಲ್ಲೇ ಹಾಕಿ, ಎರಡೆರಡು ಕವರ್ ಸುತ್ತಿ.

ಗಸಗಸೆ. ಯುಎಇ, ಸೌದಿ, ಕತಾರ್‌ನಲ್ಲಿ ಇದು ಮಾದಕವಸ್ತುವಿನ ಲೆಕ್ಕ. ಒಂದು ಚಿಟಿಕೆಯೂ ಬೇಡ. ಮನೆಯ ಮಸಾಲೆಪುಡಿಗೆ ಗಸಗಸೆ ಹುರಿದು ಹಾಕಿದ್ದಾರಾ ಎಂದು ಅಮ್ಮನನ್ನೋ ಅತ್ತೆಯನ್ನೋ ಕೇಳಿ, ಹಾಕಿದ್ದರೆ ಆ ಪುಡಿ ಬಿಟ್ಟು ಹೋಗಿ.

ವೀಳ್ಯದೆಲೆ, ಪಾನ್ ದುಬೈಗೆ ನಿಷೇಧ. ಊಟದ ನಂತರ ಎಲೆಯಡಿಕೆ ಬೇಕೇ ಬೇಕು ಅನ್ನುವ ಅಜ್ಜಂದಿರಿಗೆ ಇದನ್ನು ಮೊದಲೇ ತಿಳಿಸಿ ಹೇಳಿ.

ತಿಂದು ಉಳಿದದ್ದನ್ನು ಇಳಿಯುವ ದೇಶದೊಳಕ್ಕೆ ಒಯ್ಯಬೇಡಿ. ಅಮೆರಿಕದಲ್ಲಿ ಹಣ್ಣು, ಮಾಂಸಕ್ಕೆ ಬಿಗಿ ನಿಯಮಗಳಿವೆ. ಆಸ್ಟ್ರೇಲಿಯಾದಲ್ಲಿ ಆಹಾರ ಏನೇ ಇದ್ದರೂ ಬರೆದು ತಿಳಿಸಬೇಕು, ಮುಚ್ಚಿಟ್ಟರೆ ದಂಡ. ವಿಮಾನದಲ್ಲಿ ಕೊಟ್ಟ ಸೇಬು ಚೀಲದಲ್ಲಿ ಉಳಿದುಹೋದರೂ ಅದೇ ಕಥೆ.

6. ತಟ್ಟೆ ಬಂದಾಗ ಒಮ್ಮೆ ನೋಡಿ

ಮುಚ್ಚಳ ತೆಗೆದಾಗ ಹಬೆ ಬರಬೇಕು. ಬಿಸಿ ಇರಬೇಕಾದ್ದು ಉಗುರುಬೆಚ್ಚಗಿದ್ದರೆ ಮತ್ತೆ ಬಿಸಿ ಮಾಡಿಕೊಡಿ ಎಂದು ಕೇಳಿ, ಸಂಕೋಚ ಬೇಡ. ಬೇಯಿಸಿದ ಅಡುಗೆಯಲ್ಲಿ ರೋಗಾಣು ಬೆಳೆಯುವುದು ಹಾಗೆ ಬಿಸಿಯೂ ಅಲ್ಲದ, ತಣ್ಣಗೂ ಅಲ್ಲದ ಸ್ಥಿತಿಯಲ್ಲಿಯೇ. ಮೊಸರಿನ ಕಪ್ಪಿನ ಮುಚ್ಚಳ ಉಬ್ಬಿದ್ದರೆ ತೆರೆಯಬೇಡಿ. ನಮ್ಮ ದೇಶದ ಪೊಟ್ಟಣವಾದರೆ ಚೌಕದೊಳಗೆ ಹಸಿರು ಚುಕ್ಕೆ ಸಸ್ಯಾಹಾರ, ಕಂದು ತ್ರಿಕೋನ ಮಾಂಸಾಹಾರ.

7. ವಿಮಾನ ತಡವಾದರೆ ಊಟ ಕೇಳುವುದು ನಿಮ್ಮ ಹಕ್ಕು

ಬಜ್ಪೆಯದ್ದು ಗುಡ್ಡದ ಮೇಲಿನ ರನ್‌ವೇ. ಮಳೆಗಾಲದಲ್ಲಿ ಮೋಡ ಕವಿದರೆ ವಿಮಾನ ಇಳಿಯಲಾಗದೆ ಬೆಂಗಳೂರಿಗೋ ಕಣ್ಣೂರಿಗೋ ತಿರುಗುವುದುಂಟು. ಆಗ ಹಸಿದು ಕೂರಬೇಡಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ನಿಯಮ ಹೀಗಿದೆ: ಎರಡೂವರೆ ಗಂಟೆ ಒಳಗಿನ ಪ್ರಯಾಣವಾದರೆ 2 ಗಂಟೆ ತಡವಾದಾಗ, ಎರಡೂವರೆಯಿಂದ ಐದು ಗಂಟೆಯ ಪ್ರಯಾಣವಾದರೆ 3 ಗಂಟೆ ತಡವಾದಾಗ, ಉಳಿದದ್ದಕ್ಕೆ 4 ಗಂಟೆ ತಡವಾದಾಗ ಸಂಸ್ಥೆಯವರು ಉಚಿತವಾಗಿ ಊಟ, ತಿಂಡಿ ಕೊಡಬೇಕು. ಬೆಂಗಳೂರು, ಮುಂಬೈ ಮೊದಲನೆಯ ಸಾಲಿಗೆ, ದುಬೈ ಎರಡನೆಯದಕ್ಕೆ ಬರುತ್ತದೆ. ನೀವು ಹೊತ್ತಿಗೆ ಸರಿಯಾಗಿ ಚೆಕ್‌ಇನ್ ಮಾಡಿರಬೇಕು ಅಷ್ಟೇ. ಕೇಳದೆ ಯಾರೂ ತಂದುಕೊಡುವುದಿಲ್ಲ. ಕೌಂಟರಿಗೆ ಹೋಗಿ ಬೋರ್ಡಿಂಗ್ ಪಾಸ್ ತೋರಿಸಿ ಕೇಳಿ.

8. ಊಟ ಹಾಳಾಗಿದ್ದರೆ

ಹುಳ, ಕೂದಲು, ಪ್ಲಾಸ್ಟಿಕ್ ಚೂರು ಸಿಕ್ಕಿತೆಂದರೆ ಜಗಳಕ್ಕೆ ಹೋಗುವ ಮೊದಲು ಫೋಟೋ ತೆಗೆಯಿರಿ. ಸೀಟು ನಂಬರ್, ಪೊಟ್ಟಣದ ಮೇಲಿನ ದಿನಾಂಕ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಎಲ್ಲ ಕಾಣುವಂತಿರಲಿ. ಎಫ್‌ಎಸ್‌ಎಸ್‌ಎಐ ಎಂದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ. ಸಿಬ್ಬಂದಿಯಲ್ಲಿ ಹಿರಿಯರನ್ನು ಕರೆದು ತೋರಿಸಿ, ದಾಖಲು ಮಾಡಿಕೊಳ್ಳಿ ಎಂದು ಹೇಳಿ. ಅವರ ಹೆಸರು ಬರೆದಿಟ್ಟುಕೊಳ್ಳಿ. ಅವರ ಮೇಲೆ ರೇಗಬೇಡಿ, ಅಡುಗೆ ಅವರದ್ದಲ್ಲ.

ಇಳಿದ ಮೇಲೆ ಸಂಸ್ಥೆಗೆ ಇಮೇಲ್ ಮಾಡಿ. ಉತ್ತರ ಬಾರದಿದ್ದರೆ ಅವರ ವೆಬ್‌ಸೈಟಿನಲ್ಲೇ ನೋಡಲ್ ಅಧಿಕಾರಿಯ ವಿಳಾಸ ಇರುತ್ತದೆ. ಅಲ್ಲೂ ಆಗದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಹಾಕಿ, ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಊಟದಿಂದ ಕಾಯಿಲೆ ಬಿದ್ದು ಆಸ್ಪತ್ರೆಗೆ ಹೋಗಬೇಕಾಗಿ ಬಂದಿದ್ದರೆ ವೈದ್ಯರ ಚೀಟಿ, ಬಿಲ್ಲು ಎಲ್ಲ ತೆಗೆದಿಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸಂಸ್ಥೆಯ ಕಚೇರಿ ದೆಹಲಿಯಲ್ಲಿದ್ದರೂ ಉಡುಪಿಯವರು ಉಡುಪಿಯ ಗ್ರಾಹಕ ಆಯೋಗಕ್ಕೇ ಹೋದರೆ ಸಾಕು. ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.